ಕ್ಲಚ್ ಸ್ವಿಚ್ ವಿಮರ್ಶೆ: ಕರಾವಳಿಯ ಮಳೆಗೆ ಯಾವುದು ತಾಳುತ್ತದೆ, ಯಾವುದು ಬೇಡ

ಬೈಕಿನ ಎಡಗೈ ಲಿವರ್ ಕೂತಿರುವ ಯೋಕ್‌ನ ಅಡಿಗೆ ಬೆರಳು ಹಾಕಿ ನೋಡಿದರೆ ಒಂದು ಪುಟ್ಟ ಕಪ್ಪು ಪ್ಲಾಸ್ಟಿಕ್ ತುಂಡು, ಅದರಿಂದ ಹೊರಟ ತೆಳು ವೈರುಗಳು ಸಿಗುತ್ತವೆ. ಅದೇ ಕ್ಲಚ್ ಸ್ವಿಚ್, ಕ್ಲಚ್ ಹಿಡಿದಿದೆಯೇ ಇಲ್ಲವೇ ಎಂದು ಬೈಕಿಗೆ ಹೇಳುವ ಸಾಮಾನು. ಸಾಮಾನ್ಯ ಬೈಕುಗಳಿಗೆ ಇದರ ಬೆಲೆ ಒಂದು ಬಾಟಲಿ ಎಂಜಿನ್ ಆಯಿಲಿಗಿಂತ ಕಡಿಮೆ. ಆದರೆ ಇದು ಕೈಕೊಟ್ಟ ದಿನ ಗೇರಿನಲ್ಲಿ ಆಫ್ ಆದ ಬೈಕಿನ ಸೆಲ್ಫ್ ಬಟನ್ ಒತ್ತಿದರೆ ಒಂದು ಸದ್ದೂ ಇಲ್ಲ, ಹಿಂದಿನಿಂದ ಬಸ್ಸಿನ ಹಾರನ್ ಮಾತ್ರ. ಮಂಗಳೂರಿನ ನಂತೂರಿನಲ್ಲೋ ಉಡುಪಿಯ ಕಲ್ಸಂಕದಲ್ಲೋ ಟ್ರಾಫಿಕ್ ನಡುವೆ ಹಾಗಾದರೆ ಬೈಕನ್ನು ಬದಿಗೆ ತಳ್ಳುವುದೇ ಗತಿ.

ಮಂಗಳೂರು, ಉಡುಪಿಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಈ ಸ್ವಿಚ್ ಕೇಳಿದರೆ ಮೂರು ಬಗೆಯ ಮಾಲು ಮುಂದಿಡುತ್ತಾರೆ: ಬೈಕ್ ಕಂಪನಿಯ ಪ್ಯಾಕೆಟಿನದ್ದು, ಬಿಡಿಭಾಗ ತಯಾರಕರ ಹೆಸರಿರುವುದು, ಹೆಸರೇ ಇಲ್ಲದ ಪಾರದರ್ಶಕ ಕವರಿನದ್ದು. ನಾಲ್ಕನೆಯದೂ ಒಂದುಂಟು, ಅದಕ್ಕೆ ದುಡ್ಡಿಲ್ಲ: ಎರಡು ವೈರು ಸೇರಿಸಿ ಟೇಪು ಸುತ್ತಿ, "ಇನ್ನು ಈ ರಗಳೆಯೇ ಇಲ್ಲ ಮಾರಾಯ್ರೆ" ಎಂದು ಕಳಿಸುವುದು. ಮೊದಲನೆಯದಕ್ಕೆ ದುಡ್ಡು ಕೊಡಿ, ಎರಡನೆಯದನ್ನು ಪರೀಕ್ಷಿಸಿ ಕೊಳ್ಳಿ, ಮೂರನೆಯದು ಬೇಡ, ನಾಲ್ಕನೆಯದು ಈಗಾಗಲೇ ಆಗಿದ್ದರೆ ಬಿಚ್ಚಿಸಿ. ಆದರೆ ಯಾವುದನ್ನೇ ಕೊಳ್ಳುವ ಮೊದಲು ನಿಜಕ್ಕೂ ಸ್ವಿಚ್ಚೇ ಕೆಟ್ಟಿದೆಯೇ ಎಂದು ನೋಡಬೇಕು. ನಮ್ಮ ಕಡೆಯ ಗಾಳಿಗೆ ಸ್ವಿಚ್ಚಿಗಿಂತ ಮೊದಲು ಕೆಡುವುದು ಅದರ ಕಪ್ಲರ್, ಅಂದರೆ ಸ್ವಿಚ್ಚಿನ ವೈರನ್ನು ಬೈಕಿನ ವೈರಿಂಗಿಗೆ ಸೇರಿಸುವ ಪ್ಲಗ್.

ಸ್ಟಾರ್ಟಿಗೂ ಇದಕ್ಕೂ ಏನು ಸಂಬಂಧ

ಸೆಲ್ಫ್ ಮೋಟಾರಿಗೆ ಹೋಗುವ ದೊಡ್ಡ ಕರೆಂಟು ಕ್ಲಚ್ ಸ್ವಿಚ್ ಮೂಲಕ ಹೋಗುವುದಿಲ್ಲ. ಅದಕ್ಕೆ ಬ್ಯಾಟರಿಯಿಂದ ದಪ್ಪ ಕೇಬಲ್ ಬೇರೆಯೇ ಇದೆ, ನಡುವೆ ಸೆಲ್ಫ್ ರಿಲೇ. ರಿಲೇಯೊಳಗಿನ ಕಾಯಿಲಿಗೆ ಕರೆಂಟು ಸಿಕ್ಕಿದರೆ ಅದು ಟಕ್ ಎಂದು ಕೂಡುತ್ತದೆ, ಮೋಟಾರ್ ತಿರುಗುತ್ತದೆ. ಕಾಯಿಲಿನ ಒಂದು ತುದಿಗೆ ಕೀ, ಕಿಲ್ ಸ್ವಿಚ್ (ಎಂಜಿನ್ ಆಫ್ ಮಾಡುವ ಹ್ಯಾಂಡಲಿನ ಸ್ವಿಚ್), ಸೆಲ್ಫ್ ಬಟನ್ ದಾಟಿ 12 ವೋಲ್ಟ್ ಬರುತ್ತದೆ. ಇನ್ನೊಂದು ತುದಿ ಅರ್ತ್ (ಬ್ಯಾಟರಿಯ ನೆಗೆಟಿವ್ ಕಡೆ) ಮುಟ್ಟಬೇಕು. ಹಲವು ಬೈಕುಗಳಲ್ಲಿ ಆ ಅರ್ತಿಗೆ ಎರಡು ದಾರಿ: ಒಂದು ನ್ಯೂಟ್ರಲ್ ಸ್ವಿಚ್ ಮೂಲಕ, ಇನ್ನೊಂದು ಕ್ಲಚ್ ಸ್ವಿಚ್ಚನ್ನೂ ಸೈಡ್ ಸ್ಟ್ಯಾಂಡ್ ಸ್ವಿಚ್ಚನ್ನೂ ದಾಟಿ. ಹಾಗಾಗಿಯೇ ನ್ಯೂಟ್ರಲ್ ಇದ್ದರೆ ಕ್ಲಚ್ ಹಿಡಿಯದೆಯೂ ಸ್ಟಾರ್ಟ್ ಆಗುತ್ತದೆ. ಗೇರಿನಲ್ಲಿದ್ದರೆ ಕ್ಲಚ್ ಹಿಡಿದಿರಬೇಕು, ಸೈಡ್ ಸ್ಟ್ಯಾಂಡ್ ಮೇಲಕ್ಕೆ ಮಡಚಿರಬೇಕು.

ಈ ಎರಡು ದಾರಿ ಸೇರುವಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರುತ್ತದೆ. ಹೆಚ್ಚಿನವರಿಗೆ ಇದರ ಪರಿಚಯವೇ ಇಲ್ಲ, ಆದರೆ ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ಕ್ಲಚ್ ಹಿಡಿದಾಗ ಆ ಕಡೆಯ ಅರ್ತ್ ಹಿಂದಕ್ಕೆ ಹರಿದು ನ್ಯೂಟ್ರಲ್ ದೀಪ ಉರಿಸದಂತೆ ತಡೆಯುವುದು ಅದರ ಕೆಲಸ. ಡಯೋಡ್ ಒಳಗೇ ಶಾರ್ಟ್ ಆದರೆ ಗೇರಿನಲ್ಲಿದ್ದರೂ ಕ್ಲಚ್ ಹಿಡಿದ ಕೂಡಲೇ ನ್ಯೂಟ್ರಲ್ ದೀಪ ಹತ್ತುತ್ತದೆ. ಕಡಿದುಹೋದರೆ ನ್ಯೂಟ್ರಲ್ ದೀಪ ಚೆನ್ನಾಗಿ ಉರಿಯುತ್ತಿದ್ದರೂ ಕ್ಲಚ್ ಹಿಡಿಯದೆ ಸೆಲ್ಫ್ ಎತ್ತುವುದಿಲ್ಲ. ಎರಡನೆಯ ಲಕ್ಷಣ ಕಂಡು ಕ್ಲಚ್ ಸ್ವಿಚ್ ಬದಲಿಸಿದರೆ ದುಡ್ಡು ದಂಡ. ಕ್ಲಚ್ ಹಿಡಿದಾಗ ಸ್ಟಾರ್ಟ್ ಆಗುತ್ತದೆ ಎಂದರೆ ಸ್ವಿಚ್ ಸರಿಯಿದೆ ಎಂದೇ ಅರ್ಥವಲ್ಲವೇ?

ಎಲ್ಲ ಬೈಕುಗಳೂ ಹೀಗಿಲ್ಲ. ಸುಜುಕಿಯ ಎಸ್‌ವಿ650, ವಿ-ಸ್ಟ್ರೋಮ್ 650ರಂಥ ದೊಡ್ಡ ಬೈಕುಗಳಲ್ಲಿ ನ್ಯೂಟ್ರಲ್ ಇದ್ದರೂ ಕ್ಲಚ್ ಹಿಡಿಯಲೇಬೇಕು. ಅಲ್ಲಿ ಸ್ವಿಚ್ ಕೆಟ್ಟರೆ ನ್ಯೂಟ್ರಲ್ ಮಾಡಿ ಬಚಾವಾಗುವ ದಾರಿಯಿಲ್ಲ. ಹೀರೋದ ಐ3ಎಸ್ ಇರುವ ಸ್ಪ್ಲೆಂಡರ್‌ಗಳಲ್ಲಿ ಇದಕ್ಕೆ ಇನ್ನೂ ಒಂದು ಕೆಲಸ: ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಹಾಕಿ ನಿಂತಾಗ ಎಂಜಿನ್ ತಾನಾಗಿ ಆಫ್ ಆಗುತ್ತದೆ, ಕ್ಲಚ್ ಹಿಡಿದರೆ ತಾನಾಗಿ ಸ್ಟಾರ್ಟ್ ಆಗುತ್ತದೆ. ಆಫ್ ಆಗುವುದು ಸರಿಯಾಗಿ ನಡೆದು, ಕ್ಲಚ್ ಹಿಡಿದರೂ ಮತ್ತೆ ಎದ್ದೇಳದಿದ್ದರೆ, ಆದರೆ ಬಟನ್ ಒತ್ತಿದರೆ ಸ್ಟಾರ್ಟ್ ಆದರೆ, ಮೊದಲು ನೋಡಬೇಕಾದ್ದು ಕ್ಲಚ್ ಸ್ವಿಚ್ಚನ್ನೇ. ರಿಪೇರಿ ಆಗುವವರೆಗೆ ಬಲಗೈ ಕಡೆಯ ಐ3ಎಸ್ ಸ್ವಿಚ್ ಆಫ್ ಮಾಡಿ ಓಡಿಸಬಹುದು. ಸ್ಕೂಟರಿನವರಿಗೆ ಈ ತಲೆನೋವಿಲ್ಲ. ಅಲ್ಲಿ ಇದೇ ಕೆಲಸ ಬ್ರೇಕ್ ಸ್ವಿಚ್ಚಿನದ್ದು.

ಹಳೆಯ ಬೈಕುಗಳಲ್ಲಿ ರಿಲೇ ಕಾಯಿಲಿನ ಕರೆಂಟು ಪೂರ್ತಿ ಈ ಸ್ವಿಚ್ ಮೂಲಕವೇ ಹೋಗುತ್ತದೆ. ಕಾಯಿಲಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 3ರಿಂದ 5 ಓಮ್, ಅಂದರೆ ಸುಮಾರು 3 ಆಂಪಿಯರ್. ಸಣ್ಣ ಕಾಂಟ್ಯಾಕ್ಟಿಗೆ ಇದು ಸಣ್ಣ ಹೊರೆಯಲ್ಲ. ಪ್ರತಿ ಸಲವೂ ಕಿಡಿ ಹಾರಿ ನಿಧಾನಕ್ಕೆ ಸುಡುತ್ತದೆ, ಕರಿ ಹಿಡಿಯುತ್ತದೆ. ಇದಕ್ಕೊಂದು ಸುಲಭದ ತಪ್ಪಿಸುವಿಕೆ ಉಂಟು: ಮೊದಲು ಕ್ಲಚ್ ಹಿಡಿದು ನಂತರ ಬಟನ್ ಒತ್ತಿ, ಬಟನ್ ಬಿಟ್ಟ ಮೇಲೆ ಕ್ಲಚ್ ಬಿಡಿ. ಆಗ ಕಿಡಿ ಹಾರುವುದು ಬಟನ್ನಿನಲ್ಲಿ, ಸ್ವಿಚ್ಚಿನಲ್ಲಲ್ಲ. ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಇರುವ ಹಲವು ಹೊಸ ಬೈಕುಗಳಲ್ಲಿ ಸ್ವಿಚ್ಚಿನಿಂದ ಇಸಿಯುಗೆ ಸಂಕೇತ ಮಾತ್ರ ಹೋಗುತ್ತದೆ, ಕರೆಂಟು ತೀರಾ ಕಡಿಮೆ. ಅಲ್ಲಿ ಸುಡುವ ಪ್ರಶ್ನೆಯಿಲ್ಲ, ಆದರೆ ಕಾಂಟ್ಯಾಕ್ಟ್ ಮೇಲೆ ತೆಳುವಾಗಿ ಕಿಲುಬು ಕೂತರೂ ಸಂಕೇತ ತಪ್ಪುತ್ತದೆ. ಹಳೆಯದು ಸುಟ್ಟು ಸಾಯುತ್ತದೆ, ಹೊಸದು ಕಿಲುಬು ಹಿಡಿದು ಸಾಯುತ್ತದೆ. ಸಮುದ್ರದ ಬದಿಯಲ್ಲಿ ಇರುವವರಿಗೆ ಎರಡನೆಯದೇ ಹೆಚ್ಚು ಕಾಟ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಈ ಸ್ವಿಚ್ಚಿಗೆ ಕ್ಲಚ್ ಕಾಣುವುದಿಲ್ಲ, ಲಿವರ್ ಮಾತ್ರ ಕಾಣುತ್ತದೆ. ಕೇಬಲ್ ಸಡಿಲವಿದ್ದು ಪ್ಲೇಟುಗಳು ಪೂರ್ತಿ ಬಿಡದಿದ್ದರೂ ಲಿವರ್ ಒಳಗೆ ಬಂದರೆ ಸಾಕು, "ಕ್ಲಚ್ ಹಿಡಿದಾಯಿತು" ಎಂದು ಸ್ವಿಚ್ ಹೇಳಿಬಿಡುತ್ತದೆ. ಬಹಳಷ್ಟು ಬೈಕುಗಳಲ್ಲಿ ಲಿವರ್ ಸ್ವಲ್ಪ ಚಲಿಸಿದ ಕೂಡಲೇ ಅದು ಕೂಡಿಬಿಡುತ್ತದೆ. ಗೇರಿನಲ್ಲಿ ಕ್ಲಚ್ ಹಿಡಿದು ಸ್ಟಾರ್ಟ್ ಮಾಡಿದಾಗ ಬೈಕ್ ಮುಂದಕ್ಕೆ ಎಗರುತ್ತಿದ್ದರೆ ಸ್ವಿಚ್ಚನ್ನು ದೂರಬೇಡಿ. ಕೇಬಲ್ ಅಡ್ಜಸ್ಟ್‌ಮೆಂಟ್ ನೋಡಿ. ಮಳೆಗಾಲವಿಡೀ ನಿಲ್ಲಿಸಿಟ್ಟ ಬೈಕಾದರೆ ಪ್ಲೇಟುಗಳು ಒಂದಕ್ಕೊಂದು ಅಂಟಿರಲೂಬಹುದು.

ಮೊದಲು ಕಿವಿ, ಆಮೇಲೆ ಮೀಟರ್

ಬಟನ್ ಒತ್ತಿದಾಗಿನ ಸದ್ದಿನಲ್ಲೇ ಅರ್ಧ ಉತ್ತರ ಸಿಗುತ್ತದೆ. ಹೆಡ್‌ಲೈಟ್ ಪ್ರಖರವಾಗಿದ್ದು ರಿಲೇಯಿಂದ ಸದ್ದೇ ಇಲ್ಲ ಎಂದರೆ ಕಾಯಿಲಿನ ದಾರಿಯಲ್ಲಿ ಎಲ್ಲೋ ಕಡಿದಿದೆ: ಕಿಲ್ ಸ್ವಿಚ್, ಸೆಲ್ಫ್ ಬಟನ್, ಕ್ಲಚ್, ಸ್ಟ್ಯಾಂಡ್, ನ್ಯೂಟ್ರಲ್, ಇವುಗಳಲ್ಲಿ ಒಂದು. ಟಕ್ ಎಂದು ಒಮ್ಮೆ ಸದ್ದಾಗಿ ಲೈಟು ಮಂಕಾದರೆ, ಅಥವಾ ಟಕಟಕಟಕ ಎಂದರೆ, ಅದು ಬಹುತೇಕ ಬ್ಯಾಟರಿ ಅಥವಾ ಟರ್ಮಿನಲ್. ಗೇರಿನಲ್ಲಿ ಕ್ಲಚ್ ಹಿಡಿದಾಗ ರಿಲೇ ಗಟ್ಟಿಯಾಗಿ ಟಕ್ ಎಂದಿತೆಂದರೆ ಕ್ಲಚ್ ಸ್ವಿಚ್ ತನ್ನ ಕೆಲಸ ಮಾಡಿದೆ. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಪೆಟ್ರೋಲ್, ಪ್ಲಗ್ ಕಡೆ ಹೋಗಿ. ಸದ್ದಿಲ್ಲದ ಪ್ರಕರಣದಲ್ಲೂ ಮೊದಲು ಕಿಲ್ ಸ್ವಿಚ್ ನೋಡಿ. ಪಾರ್ಕಿಂಗಿನಲ್ಲಿ ಯಾರಾದರೂ ತಮಾಷೆಗೆ ಒತ್ತಿ ಹೋಗಿರುವುದೇ ಎಷ್ಟೋ ಸಲ ಕಾರಣ.

ಆಮೇಲೆ ನ್ಯೂಟ್ರಲ್ ಮಾಡಿ ಒತ್ತಿ. ಸ್ಟಾರ್ಟ್ ಆಯಿತೆಂದರೆ ಬಟನ್, ಕಿಲ್ ಸ್ವಿಚ್, ರಿಲೇ, ಬ್ಯಾಟರಿ ಎಲ್ಲ ಸರಿ. ತೊಂದರೆ ಇರುವುದು ಕ್ಲಚ್ ಅಥವಾ ಸ್ಟ್ಯಾಂಡ್ ಸ್ವಿಚ್ಚಿನಲ್ಲಿ. ನ್ಯೂಟ್ರಲಿನಲ್ಲಿ ಸ್ಟಾರ್ಟ್ ಆಗಿ, ಕ್ಲಚ್ ಹಿಡಿದು ಗೇರ್ ಹಾಕಿದ ಕೂಡಲೇ ಎಂಜಿನ್ ನಿಂತುಬಿಟ್ಟರೆ ಸ್ಟ್ಯಾಂಡ್ ಸ್ವಿಚ್ ಕಡೆಗೇ ಬೆರಳು ತೋರಿಸಿ. ಅದು ಚಕ್ರದ ಕೆಸರು ಸಿಡಿಯುವ ಜಾಗದಲ್ಲೇ ಕೂತಿರುವುದರಿಂದ ಮಳೆಗಾಲದಲ್ಲಿ ಕ್ಲಚ್ ಸ್ವಿಚ್ಚಿಗಿಂತ ಮೊದಲು ಅದೇ ಕೆಡುವುದುಂಟು. ಲಿವರನ್ನು ಗ್ರಿಪ್ಪಿಗೆ ಮುಟ್ಟುವಷ್ಟು ಒತ್ತಿದರೆ ಮಾತ್ರ, ಅಥವಾ ಮೇಲೆ ಕೆಳಗೆ ಅಲುಗಿಸಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ ಎಂದರೆ ಸ್ವಿಚ್ಚಿನ ಪಿನ್ ಸವೆದಿದೆ, ಇಲ್ಲವೇ ಲಿವರಿನ ಬೋಲ್ಟ್ ಸಡಿಲವಾಗಿದೆ. ಹ್ಯಾಂಡಲ್ ಒಂದು ಕಡೆಗೆ ತಿರುಗಿಸಿದಾಗ ಮಾತ್ರ ಆಗುವುದಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹತ್ತಿರ ವೈರು ಒಳಗೇ ಕಡಿದಿದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿದೆ. ಇಲ್ಲಿ ಹೊಸ ಸ್ವಿಚ್ ಹಾಕಿದರೂ ಅದೇ ಕಥೆ.

ಖಚಿತ ಮಾಡಿಕೊಳ್ಳಲು ಮಲ್ಟಿಮೀಟರ್ ಬೇಕು. ಕೀ ಆಫ್ ಮಾಡಿ, ಸ್ವಿಚ್ಚಿನಿಂದ ಬರುವ ವೈರುಗಳ ಜಾಡು ಹಿಡಿದು ಕಪ್ಲರ್ ಹುಡುಕಿ. ಕೆಲವು ಬೈಕುಗಳಲ್ಲಿ ಅದು ಯೋಕ್ ಹತ್ತಿರವೇ ಇರುತ್ತದೆ, ಹಲವುದರಲ್ಲಿ ಹೆಡ್‌ಲೈಟಿನ ಹಿಂದೆ. ಕಪ್ಲರ್ ಬಿಡಿಸಿ, ಸ್ವಿಚ್ ಕಡೆಯ ಎರಡು ಪಿನ್ನಿಗೆ ಮೀಟರಿನ ಕಡ್ಡಿ ಇಟ್ಟು ಬೀಪ್ ಮೋಡಿಗೆ ಹಾಕಿ. ಸಾಮಾನ್ಯವಾಗಿ ಲಿವರ್ ಹಿಡಿದಾಗ ಬೀಪ್ ಬರಬೇಕು, ಬಿಟ್ಟಾಗ ನಿಲ್ಲಬೇಕು. ಮೂರು ವೈರಿದ್ದರೆ ಒಂದು ಜೋಡಿ ಹೀಗೆ, ಇನ್ನೊಂದು ಜೋಡಿ ತಿರುಗಾಮುರುಗಾ. ಬೀಪ್ ಬಂದ ಮಾತ್ರಕ್ಕೆ ತೃಪ್ತಿಪಡಬೇಡಿ, ಅಗ್ಗದ ಮೀಟರ್ 30 ಓಮ್ ಇದ್ದರೂ ಬೀಪ್ ಮಾಡುತ್ತದೆ. ಓಮ್ ಮೋಡಿಗೆ ತಿರುಗಿಸಿ, ಕಡ್ಡಿ ಕಡ್ಡಿ ತಾಗಿಸಿದಾಗ ಬರುವ ಅಂಕಿ ಕಳೆದು ನೋಡಿದರೆ 1 ಓಮ್‌ಗಿಂತ ಕಡಿಮೆ ಬರಬೇಕು. ಹತ್ತಿಪ್ಪತ್ತು ಸಲ ಲಿವರ್ ಹಿಡಿದು ಬಿಟ್ಟು ನೋಡಿ, ಅಂಕಿ ಒಮ್ಮೆ ಒಂದು, ಒಮ್ಮೆ ನಲವತ್ತು ಎಂದು ಕುಣಿಯುತ್ತಿದ್ದರೆ ಆ ಸ್ವಿಚ್ಚಿನ ಆಯುಸ್ಸು ಮುಗಿದಿದೆ.

ರಿಲೇ ಕರೆಂಟು ಪೂರ್ತಿ ಹೊರುವ ಹಳೆಯ ಬೈಕಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ವೋಲ್ಟೇಜಿನದ್ದು. ಕಪ್ಲರ್ ಜೋಡಿಸಿಯೇ ಅದರ ಹಿಂಬದಿಯಿಂದ ತೆಳು ಪಿನ್ನು ತೂರಿಸಿ, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಗೇರಿನಲ್ಲಿ ಕ್ಲಚ್ ಹಿಡಿದು ಬಟನ್ ಒತ್ತಿಸಿ. ಸ್ವಿಚ್ಚಿನ ಎರಡು ತುದಿಗಳ ನಡುವೆ ಅರ್ಧ ವೋಲ್ಟಿಗಿಂತ ಕಡಿಮೆ ಉಳಿಯಬೇಕು. 2-3 ವೋಲ್ಟ್ ಅಲ್ಲೇ ತಿಂದುಹಾಕುತ್ತಿದ್ದರೆ ಕಾಂಟ್ಯಾಕ್ಟ್ ಸುಟ್ಟಿದೆ. ರಿಲೇ ಬಿಗಿಯಾಗಿ ಕೂಡದೆ ಗಡಗಡಿಸುವುದು ಇದರಿಂದಲೂ ಉಂಟು. ಇದನ್ನು ಬ್ಯಾಟರಿ ದೋಷ ಎಂದುಕೊಂಡು ಹೊಸ ಬ್ಯಾಟರಿ ಕೊಂಡವರು ಊರಲ್ಲಿ ಕಡಿಮೆ ಇಲ್ಲ. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟಿನ ಆಸುಪಾಸು ಇದ್ದು, ಸೆಲ್ಫ್ ತಿರುಗುವಾಗ 10ರ ಕೆಳಗೆ ಇಳಿಯದಿದ್ದರೆ ಅದನ್ನು ಬಿಟ್ಟುಬಿಡಿ.

ಮೂರು ಮಾಲು, ಒಂದೊಂದಾಗಿ

ಕಂಪನಿ ಪ್ಯಾಕೆಟಿನ ಸ್ವಿಚ್ಚಿನ ನಿಜವಾದ ಗುಣ ಅದರ ಹೊರಮೈಯಲ್ಲಿದೆ. ಪಿನ್ ಒಳಗೆ ಹೊರಗೆ ಓಡಾಡುವ ಬಾಯಿಗೆ ರಬ್ಬರ್ ಬೂಟ್ ಇಲ್ಲವೇ ಬಿಗಿಯಾದ ಗೈಡ್, ವೈರು ಹೊರಬರುವಲ್ಲಿ ಮೌಲ್ಡ್ ಮಾಡಿದ ಹಿಡಿತ, ಕಪ್ಲರಿಗೆ ನೀರು ತಡೆಯುವ ಸೀಲ್ (ಬೈಕಿನ ವೈರಿಂಗಿನಲ್ಲಿ ಅದಿದ್ದರೆ). ವೈರಿನ ಉದ್ದ ಸರಿಯಾಗಿ ಹೆಡ್‌ಲೈಟ್ ಹಿಂದಿನ ಕಪ್ಲರ್‌ವರೆಗೆ ಬರುತ್ತದೆ, ಹ್ಯಾಂಡಲ್ ಪೂರ್ತಿ ತಿರುಗಿದರೂ ಎಳೆಯುವುದಿಲ್ಲ. ದೋಷ ಎಂದರೆ ಕೆಲವು ಮಾಡೆಲ್‌ಗಳಿಗೆ ಬಿಡಿ ಸ್ವಿಚ್ ಕೊಡುವುದೇ ಇಲ್ಲ, ಯೋಕ್ ಸಮೇತ ಅಥವಾ ಎಡಗೈಯ ಸ್ವಿಚ್ ಸೆಟ್ ಸಮೇತ ಕೊಳ್ಳಬೇಕು. ಆಗ ಬೆಲೆ ಒಮ್ಮೆಲೇ ಏರುತ್ತದೆ. ಹಾಗಿರುವಾಗ ಎರಡನೆಯ ಬಗೆ ನೋಡುವುದು ತಪ್ಪಲ್ಲ. ಸರ್ವಿಸ್ ಸೆಂಟರಿನ ಕೌಂಟರಿಗೆ ಹೋಗುವವರು ಬೈಕಿನ ಹೆಸರು ಮಾತ್ರ ಹೇಳದೆ ಆರ್‌ಸಿಯಲ್ಲಿನ ಚಾಸಿಸ್ ನಂಬರ್ ಕೊಡಿ. ಒಂದೇ ಹೆಸರಿನ ಬೈಕಿಗೆ ಹಳೆಯ ಹೊಗೆ ನಿಯಮದ ಬಿಎಸ್4ರಲ್ಲಿ ಒಂದು ಕಪ್ಲರ್, 2020ರ ಏಪ್ರಿಲ್ ನಂತರದ ಬಿಎಸ್6ರಲ್ಲಿ ಇನ್ನೊಂದು ಇರಬಹುದು.

ಬಿಡಿಭಾಗ ತಯಾರಕರ ಹೆಸರಿನದ್ದು ಬೆಲೆಗೆ ತಕ್ಕ ಮಾಲು. ಇವರಲ್ಲಿ ಕೆಲವರು ಬೈಕ್ ಕಂಪನಿಗಳಿಗೇ ಸ್ವಿಚ್ ಪೂರೈಸುವವರು. ಒಳಗಿನ ಕಾಂಟ್ಯಾಕ್ಟಿನಲ್ಲಿ ದೂರು ಹೇಳುವಂಥದ್ದು ಅಪರೂಪ. ಎಡವಟ್ಟಾಗುವುದು ಅಳತೆಯಲ್ಲಿ: ಪಿನ್ ಒಂದೆರಡು ಮಿಲಿಮೀಟರ್ ಗಿಡ್ಡವಿದ್ದರೂ ಲಿವರ್ ಅದನ್ನು ಪೂರ್ತಿ ಒತ್ತುವುದಿಲ್ಲ.

ಹೆಸರಿಲ್ಲದ ಕವರಿನದ್ದನ್ನು ನಾವು ಬೇಡ ಎನ್ನುವುದು ಅಗ್ಗವೆಂಬ ಕಾರಣಕ್ಕಲ್ಲ. ಅದರಲ್ಲಿ ಪಿನ್ನಿನ ಬಾಯಿ ತೆರೆದೇ ಇರುತ್ತದೆ, ವೈರಿನೊಳಗೆ ತಾಮ್ರದ ಎಳೆ ಕಡಿಮೆ, ಸ್ಪ್ರಿಂಗ್ ಸಾದಾ ಉಕ್ಕಿನದ್ದು. ಬೆಂಗಳೂರಿನಲ್ಲಿ ಅದು ಒಂದಷ್ಟು ಕಾಲ ನಡೆದೀತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಉಳಿದ ತಿಂಗಳಲ್ಲೂ ಉಪ್ಪುಗಾಳಿ ಬಿಡದ ನಮ್ಮಲ್ಲಿ ಸ್ಪ್ರಿಂಗ್ ತುಕ್ಕು ಹಿಡಿದು ಪಿನ್ ಒಳಗೇ ಸಿಕ್ಕಿಕೊಳ್ಳುತ್ತದೆ. ಪಿನ್ ಸಿಕ್ಕಿಕೊಂಡರೆ ಎರಡರಲ್ಲಿ ಒಂದು: ಸ್ಟಾರ್ಟೇ ಆಗದು, ಅಥವಾ ಕ್ಲಚ್ ಹಿಡಿಯದಿದ್ದರೂ ಆಗಿಬಿಡುತ್ತದೆ. ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ಅದು ಕೆಟ್ಟಿದೆ ಎಂದು ತಿಳಿಯುವುದೇ ಇಲ್ಲ.

ಅಂಗಡಿಗೆ ಹಳೆಯ ಸ್ವಿಚ್ಚನ್ನು ಸ್ಯಾಂಪಲ್ಲಿಗೆ ತೆಗೆದುಕೊಂಡು ಹೋಗಲೇಬೇಕು. ಎಲೆಕ್ಟ್ರಿಕಲ್ ಸಾಮಾನು ಮಾರಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಬೋರ್ಡ್ ಹಾಕಿರುವ ಅಂಗಡಿಗಳೇ ಹೆಚ್ಚು, ಆದ್ದರಿಂದ ಕೌಂಟರಿನ ಮೇಲೇ ಹೋಲಿಸಿ. ಪಿನ್ನಿನ ಉದ್ದ, ಸ್ಕ್ರೂ ತೂತಿನ ಜಾಗ, ವೈರಿನ ಉದ್ದ, ಕಪ್ಲರಿನ ಆಕಾರ, ಗಂಡೋ ಹೆಣ್ಣೋ. ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದ ಒಂದು ಸಂಗತಿ ಉಂಟು, ಅದೇ ದೊಡ್ಡ ಬಲೆ. ಕೆಲವು ಸ್ವಿಚ್ಚುಗಳು ಪಿನ್ ಒತ್ತಿದಾಗ ಕೂಡುತ್ತವೆ, ಕೆಲವು ಪಿನ್ ಬಿಟ್ಟಾಗ ಕೂಡುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳ ಹಾಗೆ. ತಪ್ಪಾದದ್ದು ಹಾಕಿದರೆ ಲಿವರ್ ಬಿಟ್ಟಾಗ ಗೇರಿನಲ್ಲೂ ಸ್ಟಾರ್ಟ್, ಹಿಡಿದಾಗ ಇಲ್ಲ! ಅಂಗಡಿಯವರ ಹತ್ತಿರ ಮೀಟರ್ ಇಲ್ಲದಿದ್ದರೆ ಒಂದು 12 ವೋಲ್ಟ್ ಬ್ಯಾಟರಿ, ಒಂದು ಇಂಡಿಕೇಟರ್ ಬಲ್ಬ್ ಸಾಕು. ಹಳೆಯದನ್ನೂ ಹೊಸದನ್ನೂ ಒಂದೇ ರೀತಿ ಒತ್ತಿ ಬಿಟ್ಟು ನೋಡಿ, ಬಲ್ಬು ಒಂದೇ ತರ ನಡೆದುಕೊಳ್ಳಬೇಕು. ಹಳೆಯದು ಪೂರ್ತಿ ಸತ್ತಿದ್ದರೆ ಹೊಸದನ್ನು ಯೋಕ್‌ನಲ್ಲಿಟ್ಟು ಲಿವರ್ ಹಿಡಿದೇ ನೋಡಬೇಕಾಗುತ್ತದೆ.

ಬಣ್ಣಬಣ್ಣದ ಮಡಚುವ ಲಿವರ್ ಹಾಕಿಸಿಕೊಂಡವರಿಗೆ ಒಂದು ಎಚ್ಚರಿಕೆ. ಮೂಲ ಲಿವರಿನ ಬುಡದಲ್ಲಿ ಸ್ವಿಚ್ ಪಿನ್ನನ್ನು ಒತ್ತಲು ಒಂದು ಉಬ್ಬು ಇರುತ್ತದೆ. ಅಗ್ಗದ ಅಲ್ಯೂಮಿನಿಯಂ ಲಿವರುಗಳಲ್ಲಿ ಅದು ಸಣ್ಣದಾಗಿರುತ್ತದೆ, ಕೆಲವಲ್ಲಿ ಇರುವುದೇ ಇಲ್ಲ. ಲಿವರ್ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಸ್ವಿಚ್ ಕೊಳ್ಳುವ ಮೊದಲು ಹಳೆಯ ಲಿವರ್ ಜೋಡಿಸಿ ನೋಡಿ. ಬಿದ್ದು ಬಾಗಿದ ಲಿವರಿಗೂ ಇದೇ ಮಾತು.

ಉಪ್ಪುಗಾಳಿ, ವಾಟರ್ ಸರ್ವಿಸ್

ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಬೈಕ್ ಹೊರಗೆ ನಿಲ್ಲಿಸುವವರ ಕಪ್ಲರ್ ಬಿಡಿಸಿದರೆ ಪಿನ್ನಿನ ಮೇಲೆ ಹಸಿರು ಪುಡಿ ಕಾಣುತ್ತದೆ. ತಾಮ್ರ, ಹಿತ್ತಾಳೆ ಉಪ್ಪುನೀರಿಗೆ ಕಿಲುಬಿದ್ದು. ಸ್ವಿಚ್ ಚೆನ್ನಾಗಿದ್ದರೂ ಇದೊಂದೇ ಸಾಕು ಸೆಲ್ಫ್ ನಿಲ್ಲಿಸಲು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಹಳೆಯ ಟೂತ್ ಬ್ರಷ್ಷಿನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ಕಪ್ಲರಿನ ಸೀಲಿಗೆ ಮತ್ತು ಬಾಯಿಗೆ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಹಚ್ಚಿ ಜೋಡಿಸಿ. ಸ್ಯಾಂಡ್ ಪೇಪರ್ ಹಾಕಬೇಡಿ, ಪಿನ್ನಿನ ಮೇಲಿನ ಲೇಪ ಹೋದರೆ ಮುಂದಿನ ಮಳೆಗೆ ಎರಡು ಪಟ್ಟು ವೇಗದಲ್ಲಿ ಕಿಲುಬು ಬರುತ್ತದೆ. ಡಬ್ಲ್ಯುಡಿ-40 ನೀರು ಹೊರದಬ್ಬಲು ಒಳ್ಳೆಯದು, ಅಂದಿನ ಮಟ್ಟಿಗೆ ಬೈಕ್ ಎದ್ದೇಳುತ್ತದೆ. ಅದನ್ನೇ ಶಾಶ್ವತ ರಕ್ಷಣೆ ಎಂದುಕೊಂಡರೆ ಆಗದು. ಗ್ರೀಸನ್ನು ಸ್ವಿಚ್ಚಿನ ಪಿನ್ನಿಗೆ ಮೆತ್ತುವವರಿದ್ದಾರೆ. ಮುರಕಲ್ಲಿನ ಕೆಂಪು ಧೂಳು ಅದಕ್ಕೆ ಅಂಟಿ ಉಜ್ಜುವ ಪೇಸ್ಟ್ ಆಗುತ್ತದೆ, ಬೇಡ. ಗ್ರೀಸ್ ಬೇಕಾದದ್ದು ಲಿವರಿನ ಬೋಲ್ಟಿಗೆ.

ವಾಟರ್ ಸರ್ವಿಸ್ ಮಾಡಿಸುವಾಗ ಎರಡೂ ಲಿವರಿನ ಬುಡಕ್ಕೆ ಪ್ರೆಷರ್ ಗನ್ ಹಿಡಿಯಬೇಡಿ ಎಂದು ಹೇಳಿ. ಮಳೆ ಮೇಲಿನಿಂದ ಬೀಳುತ್ತದೆ, ಸ್ವಿಚ್ಚಿನ ವಿನ್ಯಾಸ ಅದನ್ನು ತಡೆಯುತ್ತದೆ. ಗನ್ನಿನ ನೀರು ಕೆಳಗಿನಿಂದ ನುಗ್ಗುತ್ತದೆ. ಪತ್ತನಾಜೆಯ (ಮೇ ಕೊನೆಯ, ಮಳೆಗಾಲಕ್ಕೆ ಮೊದಲಿನ) ಹೊತ್ತಿಗೆ ಯೋಕ್ ಮೇಲಿನ ರಬ್ಬರ್ ಕವರ್ ಹರಿದಿದೆಯೇ ನೋಡಿ ಬದಲಿಸಿಬಿಡಿ, ಅದರ ಬೆಲೆ ಸ್ವಿಚ್ಚಿಗಿಂತಲೂ ಕಡಿಮೆ.

ಜೋಡಿಸುವ ಕೆಲಸ

ಕೀ ಆಫ್ ಇರಲಿ. ಸ್ಕ್ರೂ ಇರುವ ಬಗೆಯಾದರೆ ಸರಿಯಾದ ಅಳತೆಯ ಸ್ಟಾರ್ ಸ್ಕ್ರೂ ಡ್ರೈವರ್ ಹಾಕಿ. ತುಕ್ಕು ಹಿಡಿದ ಸಣ್ಣ ಸ್ಕ್ರೂ ತಲೆ ಸವೆದರೆ ಹತ್ತು ನಿಮಿಷದ ಕೆಲಸ ಡ್ರಿಲ್ ಹಿಡಿಯುವ ಮಟ್ಟಕ್ಕೆ ಹೋಗುತ್ತದೆ, ಹಿಂದಿನ ರಾತ್ರಿಯೇ ಒಂದು ಹನಿ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟಿಡಿ. ಸ್ಕ್ರೂ ಇಲ್ಲದೆ ಯೋಕ್‌ನೊಳಗೆ ತೂರಿಸುವ ಬಗೆಯಾದರೆ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರೊಳಗೆ ತೆಳು ಕಡ್ಡಿ ಹಾಕಿ ಪ್ಲಾಸ್ಟಿಕ್ ಹಲ್ಲನ್ನು ಒತ್ತಿಕೊಂಡೇ ಸ್ವಿಚ್ ಹೊರಗೆಳೆಯಬೇಕು. ವೈರು ಹಿಡಿದು ಎಳೆದರೆ ವೈರು ಕೈಗೆ ಬರುತ್ತದೆ, ಸ್ವಿಚ್ ಅಲ್ಲೇ ಇರುತ್ತದೆ. ಹೊಸದು ಕೂರಿಸುವಾಗ ಲಿವರನ್ನು ಅರ್ಧ ಹಿಡಿದುಕೊಂಡು ಕೂರಿಸಿ, ಇಲ್ಲವಾದರೆ ಪಿನ್ ಅಡ್ಡ ಸಿಕ್ಕಿ ಮುರಿಯಬಹುದು. ಸ್ಕ್ರೂ ಬಿಗಿಯಾದ ಮೇಲೆ ಇನ್ನೊಂದು ಸುತ್ತು ಬೇಡ, ಪ್ಲಾಸ್ಟಿಕ್ ಕಿವಿ ಸೀಳುತ್ತದೆ.

ವೈರನ್ನು ಹಳೆಯದು ಹೋದ ದಾರಿಯಲ್ಲೇ ಒಯ್ದು, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಳೆತವಿಲ್ಲ ಎಂದು ನೋಡಿ ಟೈ ಹಾಕಿ. ಕಪ್ಲರ್ ಹೊಂದದೆ ವೈರು ಕತ್ತರಿಸಿ ಜೋಡಿಸಲೇಬೇಕಾದರೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಬರಿಯ ತಿರುಚಿ ಇನ್ಸುಲೇಷನ್ ಟೇಪು ಸುತ್ತಿದ್ದು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಕ್ಲಚ್ ಕೇಬಲಿನ ಫ್ರೀ ಪ್ಲೇ, ಅಂದರೆ ಕೇಬಲ್ ಬಿಗಿಯಾಗುವ ಮೊದಲು ಲಿವರ್ ಸಡಿಲವಾಗಿ ಚಲಿಸುವ ದೂರ: ಅನೇಕ ಬೈಕುಗಳಲ್ಲಿ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್. ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಕೇಬಲ್ ಒಳಗೆ ತುಕ್ಕು ಹಿಡಿದು ಲಿವರ್ ಪೂರ್ತಿ ಹಿಂದಕ್ಕೆ ಮರಳದಿದ್ದರೆ ಸ್ವಿಚ್ ಯಾವಾಗಲೂ ಹಿಡಿದಂತೆಯೇ ಇರುತ್ತದೆ.

ಬೈಪಾಸ್ ಎಂಬ ಪುಕ್ಕಟೆ ಸೇವೆ

ದಾರಿಯಲ್ಲಿ ಸಿಕ್ಕಿಕೊಂಡಾಗ ಮನೆ ಸೇರಲು ವೈರು ಸೇರಿಸುವುದು ಬೇರೆ ಮಾತು. ಅದನ್ನೇ ರಿಪೇರಿ ಎಂದು ಬಿಡುವುದು ಈ ಊರಿನಲ್ಲಿ ವಿಶೇಷವಾಗಿ ಕೆಟ್ಟ ಯೋಚನೆ. ಕದ್ರಿ, ಬಲ್ಮಠ, ಮಣಿಪಾಲದ ಇಳಿಜಾರುಗಳಲ್ಲಿ ಬೈಕ್ ಜಾರದಿರಲಿ ಎಂದು ಎಲ್ಲರೂ ಮೊದಲ ಗೇರಿನಲ್ಲಿ ನಿಲ್ಲಿಸುತ್ತೇವೆ. ಬೈಪಾಸ್ ಆದ ಬೈಕಿನಲ್ಲಿ ಮರೆತು ಬಟನ್ ಮುಟ್ಟಿದರೆ ಸೆಲ್ಫ್ ಮೋಟಾರ್ ಇಡೀ ಬೈಕನ್ನೇ ಮುಂದಕ್ಕೆ ಒದೆಯುತ್ತದೆ, ಎಂಜಿನ್ ಹಿಡಿದರೆ ಇನ್ನೂ ಜೋರು. ಮುಂದೆ ನಿಲ್ಲಿಸಿದ ಇನ್ನೊಂದು ಬೈಕೋ, ಟ್ಯಾಂಕ್ ಮೇಲೆ ಕೂತ ಮಗುವೋ ಇದ್ದರೆ ಗತಿ ಏನು? ಸ್ಟ್ಯಾಂಡ್ ಸ್ವಿಚ್ ಇರುವ ಬೈಕಿನಲ್ಲಿ ಸ್ಟ್ಯಾಂಡ್ ಕೆಳಗಿದ್ದರೆ ಅದೊಂದು ತಡೆ ಉಳಿದೀತು. ಹಳೆಯ ಬೈಕುಗಳಲ್ಲಿ ಅದೂ ಇಲ್ಲ. ಗೇರಿನಲ್ಲಿ ಹೀಗೆ ಎಳೆಸಿದರೆ ಸೆಲ್ಫ್ ಮೋಟಾರಿನ ಕಾರ್ಬನ್ ಬ್ರಷ್ಷಿಗೂ ಅದನ್ನು ಎಂಜಿನಿಗೆ ಸೇರಿಸುವ ಒನ್-ವೇ ಕ್ಲಚ್ಚಿಗೂ ಬೀಳುವ ಹೊರೆಯ ರಿಪೇರಿ ಖರ್ಚು ಹತ್ತಾರು ಸ್ವಿಚ್ಚಿನ ಬೆಲೆ.

ಸ್ವಿಚ್ ಇರುವಲ್ಲಿ ಐಪಿ67 ಮೈಕ್ರೋ ಸ್ವಿಚ್ ಹಾಕಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಐಪಿ67 ಎಂದರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದರೂ ಒಳಗೆ ನೀರು ಹೋಗದು ಎಂಬ ದರ್ಜೆ. ಸ್ವಿಚ್ ಒಳ್ಳೆಯದೇ. ಆದರೆ ಅದನ್ನು ಹಿಡಿಯಲು ಮಾಡುವ ಬ್ರಾಕೆಟ್ ಒಂದು ಮಿಲಿಮೀಟರ್ ಅಲುಗಿದರೂ ಟೈಮಿಂಗ್ ತಪ್ಪುತ್ತದೆ. ಮೂಲ ಭಾಗ ಎಲ್ಲೂ ಸಿಗದ ಹಳೆಯ ಬೈಕಿಗೆ ಮಾತ್ರ ಸರಿ, ಅದೂ ಕರೆಂಟಿನ ರೇಟಿಂಗ್ ನೋಡಿಕೊಂಡು.

ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋದಾಗ ಇದನ್ನು ಪರೀಕ್ಷಿಸುವುದು ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕಿ, ಸೈಡ್ ಸ್ಟ್ಯಾಂಡನ್ನು ಮೇಲಕ್ಕೆ ಮಡಚಿ, ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು, ಮೊದಲ ಗೇರಿಗೆ ಹಾಕಿ ಕ್ಲಚ್ ಮುಟ್ಟದೆ ಸೆಲ್ಫ್ ಬಟನ್ನನ್ನು ಕ್ಷಣ ಮಾತ್ರ ಒತ್ತಿ. ಏನೂ ಆಗಬಾರದು. ಹಿಂದಿನ ಚಕ್ರ ತಿರುಗಿತೆಂದರೆ ಸ್ವಿಚ್ ಸಿಕ್ಕಿಕೊಂಡಿದೆ ಅಥವಾ ಯಾರೋ ವೈರು ಸೇರಿಸಿದ್ದಾರೆ. ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಿನಲ್ಲಿ ಈ ಸಾಹಸ ಬೇಡ, ಯೋಕ್ ಕೆಳಗೆ ನೋಡಿ: ಸ್ವಿಚ್ಚಿನ ಜಾಗ ಖಾಲಿ ಇದ್ದರೆ, ಅಥವಾ ಹೆಡ್‌ಲೈಟ್ ಹಿಂದಿನ ಕಪ್ಲರಿನಲ್ಲಿ ಟೇಪು ಸುತ್ತಿದ ಗಂಟು ಕಂಡರೆ ಅದೇ ಉತ್ತರ. ಅಷ್ಟಕ್ಕೆ ಬೈಕನ್ನು ಬೇಡ ಎನ್ನಬೇಕಿಲ್ಲ. ಆದರೆ ಅಂಥ ಗಂಟು ಒಂದಿದ್ದಲ್ಲಿ ಇನ್ನೆರಡು ಇರುತ್ತವೆ, ಟ್ಯಾಂಕ್ ಕೆಳಗಿನ ವೈರಿಂಗನ್ನೂ ಬಿಚ್ಚಿ ತೋರಿಸಲು ಹೇಳಿ, ಆಮೇಲೆ ರೇಟು ಮಾತಾಡಿ.